ಡ್ರಾಯರಿನಲ್ಲಿ ಉಳಿದ ತೆನೆ

ಮಾತೆ ಮರಿಯಳ ಹುಟ್ಟಿದ ದಿನವಾದ ಮೊಂತಿ ಹಬ್ಬದಂದು ನಮ್ಮ ಇಗರ್ಜಿಯಲ್ಲಿ ಪಾದ್ರಿಗಳು ಹೊಸ ಭತ್ತದ ತೆನೆಯನ್ನು ಆಶೀರ್ವದಿಸಿ ಮನೆಮನೆಗೆ ಹಂಚುತ್ತಾರೆ. ಅದನ್ನು ಮನೆಗೆ ತಂದು, ಕಾಳು ಸುಲಿದು, ಬೆಲ್ಲದ ಕಾಯಿಹಾಲಿಗೆ ಹಾಕಿ, ಮನೆಯ ಹಿರಿಯರು ಎಲ್ಲರಿಗೂ ಬಡಿಸಬೇಕು. ಆಮೇಲೆಯೇ ಊಟ. ಆ ದಿನ ಮೀನೂ ಇಲ್ಲ, ಮಾಂಸವೂ ಇಲ್ಲ. ಊರಲ್ಲಿಲ್ಲದವರಿಗೂ ಪಾಲುಂಟು. ಒಂದಿಷ್ಟು ಕಾಳನ್ನು ಒಣಗಿಸಿ, ಕಾಗದದಲ್ಲಿ ಮಡಚಿ, ಲಕೋಟೆಯೊಳಗಿಟ್ಟು ಅಂಚೆಗೆ ಹಾಕುವುದು. ಎಲ್ಲೇ ಇದ್ದರೂ ಅದನ್ನು ಹಾಲಿಗೆ ಹಾಕಿ ಕುಡಿದರೆ ನಮ್ಮ ಜೊತೆ ಕೂತು ಉಂಡ ಹಾಗೆ ಎಂದು ಅಮ್ಮ ಹೇಳುತ್ತಿದ್ದಳು.

ಬಸ್ರೂರಿನ ನಮ್ಮ ಮನೆಯಲ್ಲಿ ಹಾಗೆ ಊರಲ್ಲಿಲ್ಲದವನು ಒಬ್ಬನೇ, ನನ್ನ ಅಣ್ಣ. ಅಪ್ಪನ ಜೊತೆ ಮಾತಿಗೆ ಮಾತು ಬೆಳೆದು ಮುಂಬೈಗೆ ಹೋದವನು ಅಲ್ಲಿ ಹೋಟೆಲ್ ಕೆಲಸಕ್ಕೆ ಸೇರಿದ. ಅಪ್ಪನನ್ನು ಮಣ್ಣು ಮಾಡಿದಾಗಲೂ ಬರಲಿಲ್ಲ. ಫೋನಿಲ್ಲ, ಪತ್ರವಿಲ್ಲ. ಆದರೂ ಪ್ರತಿ ಸೆಪ್ಟೆಂಬರಿನಲ್ಲಿ ಅವನ ಪಾಲು ಹೋಗಲೇಬೇಕು. ಊರಿನವರಿಂದ ತಿಳಿದ ವಿಳಾಸ ಬರೆಯುವವಳೂ ನಾನೇ, ಅಂಚೆಕಚೇರಿಗೆ ಓಡುವವಳೂ ನಾನೇ.

ನಾನು ಟೈಲರ್. ಅಳತೆ ತಪ್ಪಿದರೆ ನನಗಾಗುವುದಿಲ್ಲ. ದ್ರಾಕ್ಷಿತೋಟಕ್ಕೆ ಸಂಜೆ ಬಂದ ಆಳಿಗೂ ಬೆಳಿಗ್ಗೆ ಬಂದವನಷ್ಟೇ ಕೂಲಿ ಸಿಕ್ಕಿದ ಬೈಬಲಿನ ಕಥೆಯನ್ನು ಪಾದ್ರಿಗಳು ಹೇಳಿದಾಗೆಲ್ಲ ನನಗೆ ಮೈ ಉರಿಯುತ್ತಿತ್ತು. ದಿನವಿಡೀ ಬಿಸಿಲಲ್ಲಿ ಬೆನ್ನು ಬಗ್ಗಿಸಿದವನು ಹಾಗಾದರೆ ಪೆದ್ದನೇ?

ಅಮ್ಮ ಹಾಸಿಗೆ ಹಿಡಿದ ವರ್ಷ ಹಬ್ಬದ ಬೆಳಿಗ್ಗೆ ಅವಳ ಮೈ ಒರೆಸಿ, ಬಟ್ಟೆ ಬದಲಿಸಿ, ಇಗರ್ಜಿಗೆ ಓಡಿ ಬಂದು, ಅಡುಗೆ ಮುಗಿಸಿ, ಬಟ್ಟಲು ಹಿಡಿದು ಅವಳ ಬಾಯಿಗೆ ಚಮಚ ಇಟ್ಟೆ. ನಮ್ಮ ಮನೆಯಲ್ಲಿ ಪ್ರಾರ್ಥನೆಗೆ ಕೊಂಕಣಿ, ಜಗಳಕ್ಕೆ ಕುಂದಾಪ್ರ ಕನ್ನಡ. ಅಮ್ಮ ಚಮಚ ದೂಡಿ ಕೇಳಿದ್ದು ಜಗಳದ ಭಾಷೆಯಲ್ಲಿ.

“ಅವ್ನ್ ಪಾಲ್ ತೆಗ್ದಿಟ್ಯಾ?”

“ಇಟ್ಟೆ. ಮೊದ್ಲ್ ನೀನ್ ತಿನ್ನ್.”

“ಮೊದ್ಲ್ ಅವ್ನಿಗ್ ಕಳ್ಸ್. ನಂದ್ ಆಮೇಲ್ ಆತ್.”

ನೀನು ತಿಂದೆಯಾ ಎಂದು ನನ್ನನ್ನು ಕೇಳಲಿಲ್ಲ. ಲಕೋಟೆ ಹಿಡಿದು ಅರ್ಧ ದಾರಿ ಹೋದವಳು ತಿರುಗಿ ಬಂದು ಅದನ್ನು ಹೊಲಿಗೆ ಮೆಷಿನಿನ ಡ್ರಾಯರಿಗೆ ತುರುಕಿದೆ. “ಹಾಕ್ದ್ಯಾ?” ಎಂದಳು ಅಮ್ಮ. “ಹಾಕ್ದೆ” ಎಂದೆ. ಮರುವರ್ಷವೂ ಹಾಗೆಯೇ, ಅದರ ಮರುವರ್ಷವೂ. ಸುಳ್ಳು ಹೇಳಲು ಕಷ್ಟವೇ ಆಗಲಿಲ್ಲ. ನ್ಯಾಯ ನನ್ನ ಕಡೆಗಿದೆ ಎಂದುಕೊಂಡಿದ್ದೆ.

ಮೂರನೆಯ ಹಬ್ಬ ಕಳೆದು, ಕ್ರಿಸ್ಮಸ್ಸೂ ಮುಗಿದ ಮೇಲೆ ಅಮ್ಮ ತೀರಿಕೊಂಡಳು. ಮುಂಬೈಯಲ್ಲಿರುವ ಊರಿನವರಿಂದ ಸುದ್ದಿ ತಿಳಿದು ಅಣ್ಣ ಏಳನೇ ದಿನದ ಪೂಜೆಗೆ ಬಂದ. ತಲೆ ಪೂರ್ತಿ ನರೆತಿತ್ತು. ಜಗಲಿಯಲ್ಲಿ ಕೂತು, ನನ್ನ ಮುಖ ನೋಡದೆ ಹೇಳಿದ.

“ಅಮ್ಮ ಕಳ್ಸದ್ನ ವರ್ಷ ವರ್ಷ ಹಾಲಿಗ್ ಹಾಯ್ಕಂಡ್ ಕುಡಿತಿದ್ದೆ. ಊರಿಗ್ ಬಪ್ಪುಕ್ ಮೋರೆ ಇರ್ಲಿಲ್ಲ. ಕಡಿಗ್, ಈ ಸಲ ಲಕೋಟೆ ಬಂದ್ರೆ ಹೋಯಿ ಅವ್ಳ್ ಕಾಲ್ ಹಿಡಿತೆ ಅಂದ್ಕಂಡೆ. ಆ ವರ್ಷ್ವೇ ಬರ್ಲಿಲ್ಲ. ಅಮ್ಮಂಗೂ ನಾನ್ ಬ್ಯಾಡ ಆಯ್ತ್ ಅಂದೇಳಿ ಸುಮ್ನಾದೆ.”

ಡ್ರಾಯರ್ ಅವನ ಬೆನ್ನ ಹಿಂದೆಯೇ ಇತ್ತು. ಚಹಾ ತರುತ್ತೇನೆಂದು ಒಳಗೆ ಹೋದೆ. ಅವನು ಮುಂಬೈ ಬಸ್ಸು ಹತ್ತುವವರೆಗೂ ನಾನು ಬಾಯಿ ಬಿಡಲಿಲ್ಲ.

ಆಮೇಲೆ ಪಾಪನಿವೇದನೆಗೆ ಹೋಗಿ ಒಂದು ಲಕೋಟೆಯನ್ನೂ ಬಿಡದೆ ಹೇಳಿದೆ. ಪ್ರಾಯಶ್ಚಿತ್ತಕ್ಕೆ ಮೂರು ನಮೋ ಮರಿಯ ಜಪ ಹೇಳಿ ಎಂದರು ಪಾದ್ರಿಗಳು. ಮೂರೇ? ಮಕ್ಕಳು ಬೆಲ್ಲ ಕದ್ದರೂ ಮೂರೇ ಹೇಳಿಸುತ್ತಾರೆ. ಅಷ್ಟಕ್ಕೆ ಇದು ಸರಿಹೋಗುತ್ತದೆಯೇ ಎಂದು ಕೇಳಿದೆ. ಸರಿಹೋಗುವುದಿಲ್ಲ, ಅದಕ್ಕೇ ಕ್ಷಮೆ ಬೇಕಾಗುವುದು, ಅಣ್ಣನಿಗೂ ಹೇಳಿಬಿಡಿ ಎಂದರು.

ನನಗೆ ಸಿಟ್ಟೇ ಬಂತು. ಶಿಕ್ಷೆ ಕೊಡಿ ಎಂದು ಹೋದವಳ ಕೈಗೆ ಕ್ಷಮೆ ಕೊಟ್ಟರೆ ಅದನ್ನು ಎಲ್ಲಿಡುವುದು? ಅಣ್ಣನಿಗೆ ಸಿಕ್ಕಾಗ ಅನ್ಯಾಯ ಅನ್ನಿಸಿದ ದಯೆ ನನಗೆ ಸಿಕ್ಕಾಗಲೂ ಅನ್ಯಾಯವೇ ಅನ್ನಿಸಿತು. ಮೂರು ನಮೋ ಮರಿಯ ಹೇಳಿದೆ. ಸಾಲದೆಂದು ಮೂವತ್ತು ಹೇಳಿದೆ. ಎದೆಯ ಭಾರ ಮಾತ್ರ ಇಳಿಯಲಿಲ್ಲ.

ಈ ಸೆಪ್ಟೆಂಬರಿನಲ್ಲಿ ಅಣ್ಣ ಹಬ್ಬಕ್ಕೆ ಬಂದ. ಇಗರ್ಜಿಯಿಂದ ತೆನೆ ತಂದು ಅವನು ಮೇಜಿನ ಮೇಲಿಟ್ಟ. ಇನ್ನು ತಡೆಯಲಾರದೆ ನಾನು ಡ್ರಾಯರ್ ಎಳೆದು ಮೂರು ಲಕೋಟೆಗಳನ್ನೂ ಅದರ ಪಕ್ಕದಲ್ಲಿಟ್ಟೆ.

“ಅಮ್ಮ ಕಳ್ಸುಕ್ ಹೇಳಿದ್ಲ್ ಅಣ್ಣ. ನಾನೇ ಹಾಕ್ಲಿಲ್ಲ.”

ಅವನು ವಿಳಾಸಗಳನ್ನು ಒಂದೊಂದಾಗಿ ಓದಿದ. ನನ್ನದೇ ದುಂಡನೆಯ ಅಕ್ಷರ. ಬೈದರೂ ಸರಿ, ಎರಡು ಬಾರಿಸಿದರೂ ಸರಿ ಎಂದು ನಿಂತಿದ್ದೆ. ಅವನು ಎದ್ದು ಅಡುಗೆಮನೆಗೆ ಹೋಗಿ ಎರಡು ಬಟ್ಟಲಲ್ಲಿ ಕಾಯಿಹಾಲು ತಂದ. ಹೊಸ ತೆನೆಯ ಕಾಳು ಸುಲಿದು ಅಷ್ಟನ್ನೂ ನನ್ನ ಬಟ್ಟಲಿಗೆ ಹಾಕಿದ. ಆಮೇಲೆ ಲಕೋಟೆಗಳನ್ನು ಹರಿದು, ಹುಳ ತಿಂದ ಹುಡಿಯನ್ನು ಊದಿ, ಉಳಿದ ಹಳೆಯ ಕಾಳನ್ನು ತನ್ನ ಬಟ್ಟಲಿಗೆ ಸುರಿದುಕೊಂಡ.

“ಅಣ್ಣ, ಅದ್ ಹಾಳಾಯ್ತ್. ಹೊಸ್ದ್ ತಕೋ.”

“ಇದ್ ನಂದ್. ಅದ್ ನಿಂದ್. ತಿನ್ನ್.”

ಅದು ಕ್ಷಮೆಯೋ, ನನ್ನನ್ನು ಸುಡುವುದಕ್ಕೆಂದೇ ಮಾಡಿದ್ದೋ, ಕೇಳಲು ಧೈರ್ಯವಾಗಲಿಲ್ಲ. ಹೇಳಿದ್ದು ಜಗಳದ ಭಾಷೆಯಲ್ಲೇ. ಆದರೆ ನಾನು ಚಮಚ ಎತ್ತುವವರೆಗೆ ಅವನು ತನ್ನದನ್ನು ಮುಟ್ಟಲಿಲ್ಲ. ಕೊನೆಗೆ ಎತ್ತಿದೆ. ನನ್ನ ಬಾಯಲ್ಲಿ ಹೊಸ ಕಾಳು ಮೆತ್ತಗೆ, ಸಿಹಿಯಾಗಿ ಕರಗುತ್ತಿತ್ತು. ಎದುರಿಗೆ ಮೂರು ವರ್ಷದ ಒಣಕಾಳನ್ನು ಅವನು ಕಟಕಟನೆ ಜಗಿಯುವುದು ನನಗೆ ಕೇಳುತ್ತಿತ್ತು.