ಎಣ್ಣೂರಿನ ಹಡಗಿಗೆ ಹೋದ ಸೇಬು

ಎಣ್ಣೂರಿನ ದಡದಲ್ಲಿ ನಿಂತರೆ ನಾಗಮಣಿಯವರಿಗೆ ಗಂಡನ ಹಡಗು ಕಾಣುತ್ತದೆ. ಅಲ್ಲಿಂದ ಪೆರಂಬೂರಿನ ಮನೆಗೆ ಒಂದು ಬಸ್ಸಿನ ದಾರಿ. ಆದರೂ ಉದಯ್ ಮನೆಗೆ ಬಂದು ವರ್ಷವಾಯಿತು.

ಉದಯ್ ಆ ಸರಕು ಹಡಗಿನ ಎಂಜಿನ್ ಫಿಟ್ಟರ್. ಮಾಲೀಕ ನಾಪತ್ತೆಯಾದ ಮೇಲೆ ಬಂದರಿನವರು ಹಡಗನ್ನು ತಡೆಹಿಡಿದರು. ಖಾಲಿ ಹಡಗು ಅಪಾಯ, ಬದಲಿ ಸಿಬ್ಬಂದಿ ಬರುವವರೆಗೆ ಇಳಿಯಬೇಡಿ ಎಂದು ಉಳಿದ ನಾಲ್ವರಿಗೆ ಆಜ್ಞೆಯಾಯಿತು. ಬದಲಿ ಕಳಿಸಬೇಕಾದವರು ಯಾರು? ಹಡಗಿನ ಬಾವುಟ ಸಮುದ್ರವೇ ಇಲ್ಲದ ದೇಶದ್ದು. ಕಂಪನಿ ಇನ್ನೊಂದು ದೇಶದ್ದು, ವಿಮೆ ಮತ್ತೊಂದರದ್ದು. ಇವರೆಲ್ಲ ಸಹಿ ಹಾಕಿದ ಒಪ್ಪಂದಗಳಿಗೇನೂ ಕೊರತೆಯಿಲ್ಲ. ನಾಗಮಣಿ ಎಲ್ಲರಿಗೂ ಬರೆದರು. ಪ್ರತಿಯೊಬ್ಬರೂ ಉಳಿದವರನ್ನು ಕೇಳಲು ಹೇಳಿದರು, ಬಹಳ ವಿನಯದಿಂದ.

ಕಳೆದ ತಿಂಗಳು ಎಗ್ಮೋರಿನ ಹೋಟೆಲೊಂದರಲ್ಲಿ ಜಾಗತಿಕ ಸಂಸ್ಥೆಗಳ ಸುಧಾರಣೆ ಕುರಿತು ಸಮ್ಮೇಳನ ನಡೆಯಿತು. ‘ಸಾಗರ ಭದ್ರತೆಯ ಮಾನವೀಯ ಮುಖ’ವೆಂದು ನಾಗಮಣಿಯವರನ್ನೂ ಕರೆದಿದ್ದರು. ಭದ್ರತಾ ಮಂಡಳಿಗೆ ಇನ್ನೆಷ್ಟು ಕಾಯಂ ಕುರ್ಚಿ ಬೇಕು, ಅವಕ್ಕೆ ವೀಟೊ ಕೊಡಬೇಕೇ ಎಂಬ ಚರ್ಚೆ ಊಟದ ಹೊತ್ತಿನವರೆಗೂ ಎಳೆದುಕೊಂಡು ಹೋಯಿತು. ವೇದಿಕೆಯ ಮೇಲೆ ಕುರ್ಚಿ ಉಳಿದಿರಲಿಲ್ಲ. ನಾಗಮಣಿ ನಿಂತೇ ಇದ್ದರು.

ಅಧ್ಯಕ್ಷರು ನಿವೃತ್ತ ರಾಯಭಾರಿ ಭೋಜರಾಜ. ಶಾಲು ಹೊದಿಸಿ, ಸೇಬು ತುಂಬಿದ ಹಣ್ಣಿನ ಬುಟ್ಟಿ ಕೊಡುತ್ತಾ ಕೇಳಿದರು, “ನಮ್ಮ ಮೈಸೂರು ಕಡೆಯೋರೇನಮ್ಮಾ?”

“ಮಂಡ್ಯ ಸಾರ್. ನಮ್ಮನೆಯವರ ಹಡಗಿನ ಬಾವುಟದ ದೇಶದಲ್ಲಿ ನೀವು ಕೆಲಸ ಮಾಡಿದ್ರಂತೆ. ಒಂದೇ ಒಂದು ಫೋನ್ ಮಾಡಿ ಸಾರ್. ಬದಲಿ ಜನ ಬಂದ್ರೆ ಇವರು ಇಳಿದುಬಿಡ್ತಾರೆ.”

“ಒಂದೊಂದು ಹಡಗಿಗೂ ಫೋನ್ ಮಾಡೋಕಾಗುತ್ತಾ ತಾಯಿ? ವ್ಯವಸ್ಥೆನೇ ಬದಲಾಗ್ಬೇಕು.”

“ಬದಲಾಗ್ಲಿ ಸಾರ್. ಹಡಗಲ್ಲಿ ನೀರೇ ಮುಗಿದಿದೆ, ಅಲ್ಲೀವರೆಗೆ ಅವರು ಕುಡಿಯೋದೇನು?”

“ಉಪಸಮಿತಿ ಮಾಡ್ತಾ ಇದೀವಲ್ಲ.”

“ಮೇಡಂ, ಇಂಗ ಪಾರುಂಗ,” ಎಂದು ತಮಿಳಿನಲ್ಲಿ ಕ್ಯಾಮೆರಾ ಕಡೆ ನೋಡಲು ಹೇಳಿದ ಫೋಟೊದವನು. ರಾಯಭಾರಿಗಳು ಹಣ್ಣಿನ ಬುಟ್ಟಿಯ ಇನ್ನೊಂದು ತುದಿ ಹಿಡಿದು ನಕ್ಕರು. ಸಂಜೆಯ ಘೋಷಣೆಯಲ್ಲಿ ನಾವಿಕರ ಬಗ್ಗೆ ಕಳವಳವಿತ್ತು. ‘ತೀವ್ರ ಕಳವಳ’ ಎನ್ನಲು ಒಬ್ಬ ಪ್ರತಿನಿಧಿ ಒಪ್ಪಲಿಲ್ಲವಂತೆ.

ಎಣ್ಣೂರಿನ ಮೀನುಗಾರ ಬಾಬು ಆಗಾಗ ದೋಣಿಯಲ್ಲಿ ಹಡಗಿಗೆ ತರಕಾರಿ, ಒಂದೆರಡು ಕ್ಯಾನ್ ನೀರು ಮುಟ್ಟಿಸುತ್ತಾನೆ. ಮರುದಿನ ನಾಗಮಣಿ ಬುಟ್ಟಿಯನ್ನು ಅವನ ಕೈಗೆ ಕೊಟ್ಟರು. ಮಧ್ಯಾಹ್ನ ಉದಯ್ ಫೋನ್ ಬಂತು.

“ಸೇಬು ಯಾರು ಕೊಟ್ಟಿದ್ದೇ?”

“ಲೋಕ. ಎಲ್ಲಾ ದೇಶದೋರೂ ಸೇರ್ಕೊಂಡು ಕೊಟ್ರು.”

“ಬದಲಿ ಜನ?”

“ಉಪಸಮಿತಿ ನೋಡುತ್ತಂತೆ. ಮೇಣ ಹಚ್ಚಿರ್ತಾರೆ ರೀ, ತೊಳ್ಕೊಂಡು ತಿನ್ನಿ.”

“ತೊಳೆಯೋಕೆ ನೀರೆಲ್ಲಿದೆ? ಬಾಬು ತಂದಿದ್ದು ಕುಡಿಯೋಕೇ ಸಾಲಲ್ಲ,” ಎಂದರು ಉದಯ್. ಬಾಯಲ್ಲಿ ಆಗಲೇ ಸೇಬಿತ್ತು.