ಕಾಯಿ ಅಲ್ಲಾಡಬೇಕು, ಗುಂಡು ಅಲ್ಲಾಡಬಾರದು

ಬೆಳಗ್ಗೆ ಹಾಲು ಕಾಯಿಸಿ, ಬಾಗಿಲಿಗೆ ನೀರು ಹಾಕಿ, ರಂಗೋಲಿಯ ನಾಲ್ಕು ಎಳೆ ಎಳೆದು ತಲೆಯೆತ್ತುವಷ್ಟರಲ್ಲಿ ನಮ್ಮ ಜಗುಲಿಯ ಮೇಲೆ ನ್ಯಾಯಾಲಯ ಸೇರಿರುತ್ತದೆ. ನ್ಯಾಯಾಧೀಶರು ನಮ್ಮ ಮಾವನವರು. ವಿಚಾರಣೆಗೆ ಒಳಗಾಗುವವು ಅಟ್ಟದಿಂದ ಇಳಿದ ತೆಂಗಿನಕಾಯಿಗಳು. ಹೆಚ್ಚುಕಡಿಮೆ ವರ್ಷಕಾಲ ಅಟ್ಟದ ಕತ್ತಲಲ್ಲಿ ತಪಸ್ಸಿಗೆ ಕೂತ ಕಾಯಿ ಒಳಗೊಳಗೇ ಒಣಗಿ, ಚಿಪ್ಪಿನ ಸಂಗ ತೊರೆದು, ಉಂಡೆ ಕೊಬ್ಬರಿಯಾಗಿದೆಯೋ ಇಲ್ಲವೋ ಎಂದು ತಿಳಿಯಲು ನಮ್ಮ ತಿಪಟೂರು ಸೀಮೆಯವರಿಗೆ ಗೊತ್ತಿರುವ ಪರೀಕ್ಷೆ ಒಂದೇ: ಕಿವಿಗೆ ಹಿಡಿದು ಅಲ್ಲಾಡಿಸುವುದು. ಒಳಗೆ ಲೊಟಲೊಟ ಎಂದರೆ ಅದಕ್ಕೆ ಮುಕ್ತಿ, ಸುಮ್ಮನಿದ್ದರೆ ಮತ್ತೆ ಅಟ್ಟವಾಸ. ಮಾವ ಒಂದೊಂದನ್ನೂ ಕಿವಿಗಿಟ್ಟು, ಹುಬ್ಬು ಗಂಟಿಕ್ಕಿ, "ಇದು ಆಯ್ತು", "ಇದಿನ್ನೂ ಹಸಿ" ಎಂದು ತೀರ್ಪು ಕೊಟ್ಟು ಎರಡು ಗುಡ್ಡೆ ಮಾಡುತ್ತಾರೆ.

ಈ ನ್ಯಾಯಾಲಯಕ್ಕೆ ಒಂದು ಮೇಲ್ಮನವಿಯ ಪೀಠವೂ ಇದೆಯೆಂಬುದು ಮಾವನಿಗೆ ತಿಳಿಯದು ಎಂದೇ ನಾನು ನಂಬಿದ್ದೆ. ಅವರು ಸ್ನಾನಕ್ಕೆ ಎದ್ದೊಡನೆ ನಾನು ಸೆರಗು ಸಿಕ್ಕಿಸಿ ಕೂತು ಎರಡೂ ಗುಡ್ಡೆಗಳನ್ನು ಮತ್ತೊಮ್ಮೆ ಅಲ್ಲಾಡಿಸಿ, ಅಲ್ಲಿನವನ್ನು ಇಲ್ಲಿಗೂ ಇಲ್ಲಿನವನ್ನು ಅಲ್ಲಿಗೂ ಸದ್ದಿಲ್ಲದೆ ವರ್ಗಾಯಿಸುತ್ತೇನೆ. ಏಕೆಂದರೆ ಮಾವನ ಕಿವಿ ಈಚೆಗೆ ಅಷ್ಟಾಗಿ ಕೇಳದು. ಅದನ್ನು ಅವರು ಒಪ್ಪುವುದಿಲ್ಲ, ನಾವು ಹೇಳುವುದಿಲ್ಲ. ಕುಕ್ಕರಿನ ಸೀಟಿಗೆ ಅವರು "ಯಾರೋ ಬಂದ್ರು ನೋಡವ್ವಾ" ಎಂದರೆ ನಾನು ಬಾಗಿಲವರೆಗೂ ಹೋಗಿ ಬರುತ್ತೇನೆ. ಕಾನ್ವೆಂಟಿನ ಸಿಸ್ಟರುಗಳು ನನಗೆ ಕಲಿಸಿದ್ದು ಮುಖ್ಯವಾಗಿ ಎರಡು: ಚಮಚ ತಟ್ಟೆಗೆ ತಗಲುವ ಸದ್ದಾಗಬಾರದು, ಹಿರಿಯರ ತಪ್ಪನ್ನು ಎತ್ತಿ ಆಡಬಾರದು. ಸದ್ದನ್ನು ಕೇಳುವ ವಿದ್ಯೆಯನ್ನು ಅವರು ಕಲಿಸಲಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಕಾಯಿಯನ್ನು ಮಗುವಿನ ಗಿಲಕಿಯಂತೆ ಎರಡೂ ಕೈಯಲ್ಲಿ ಕುಲುಕಿ ಮನೆಮಂದಿಯನ್ನೆಲ್ಲ ನಗಿಸಿದ ಈ ಪದವೀಧರೆಗೆ ಆ ವಿದ್ಯೆ ಕಲಿಸಿದವರು ಮಾವನೇ.

ಮೊನ್ನೆ ಆಯುಧಪೂಜೆಯ ಬೆಳಿಗ್ಗೆಯೂ ಹೀಗೆಯೇ ನ್ಯಾಯದಾನ ನಡೆದಿತ್ತು. ಆದರೆ ಅಂದು ಕಾಯಿಗಿಂತ ದೊಡ್ಡ ವಿಚಾರಣೆ ಬಾಕಿಯಿತ್ತು.

ನಮ್ಮ ಮನೆಯಲ್ಲಿ ಒಂದು ಕೋವಿ ಇದೆ. ಗಾಬರಿಯಾಗಬೇಡಿ, ಬೆಳೆ ಕಾಯಲೆಂದು ಮಾವನ ತಂದೆಯ ಕಾಲದಲ್ಲೇ ಪರವಾನಗಿ ಪಡೆದ, ಬಾಯಿಯ ಕಡೆಯಿಂದ ಮದ್ದುಗುಂಡು ತುಂಬುವ ಹಳೇ ಕೇಪಿನ ಕೋವಿ. ನಳಿಗೆಯೊಳಗೆ ಇಣುಕಿದರೆ ಬಳ್ಳಿ ಸುತ್ತಿದಂತೆ ತಿರುಚಿಕೊಂಡು ಹೋಗುವ ಸಣ್ಣ ಗೀರುಗಳು ಕಾಣುತ್ತವೆ. ವರ್ಷಕ್ಕೊಮ್ಮೆ ಆಯುಧಪೂಜೆಯ ಸಂಜೆ, ಮೋಟರು, ಮಚ್ಚು, ಸ್ಕೂಟರು ಎಲ್ಲಕ್ಕೂ ಕುಂಕುಮವಿಟ್ಟ ಮೇಲೆ, ಮಾವ ತೋಟದ ಹಿಂದಿನ ಮಣ್ಣಿನ ದಿಬ್ಬಕ್ಕೆ ಒಂದೇ ಒಂದು ಗುಂಡು ಹೊಡೆಯುವುದು ಮನೆಯ ರೂಢಿ. ಸೀಸವನ್ನು ಅವರೇ ಹಿತ್ತಲ ಒಲೆಯಲ್ಲಿ ಕರಗಿಸಿ, ಸಂಕ್ರಾಂತಿಯ ಸಕ್ಕರೆ ಅಚ್ಚಿನ ತಮ್ಮನಂತಿರುವ ಕಬ್ಬಿಣದ ಅಚ್ಚಿಗೆ ಹೊಯ್ದು, ಮೂತಿ ಚೂಪಾದ ಪುಟ್ಟ ಗೋಪುರಗಳಂಥ ಗುಂಡುಗಳನ್ನು ತೆಗೆಯುತ್ತಾರೆ. ನನ್ನ ಅಡುಗೆಮನೆಯ ಸೌಟು ಆ ಕಡೆ ಸುಳಿಯದಂತೆ ಕಾಯುವುದಷ್ಟೇ ನನ್ನ ಪಾಲಿನ ಸೇವೆ.

ಈ ಸಲ ಕಾಫಿಯ ಹೊತ್ತಿಗೇ ನಮ್ಮ ಯಜಮಾನರು ಮಾತು ತೆಗೆದರು. "ಅಪ್ಪಾ, ಇದೊಂದ್ ವರ್ಷ ಹೊಡ್ದು ಸಾಕು ಮಾಡ್ಬುಡು. ಏನಾರ ಹೆಚ್ಚುಕಮ್ಮಿ ಆದ್ರೆ? ಠಾಣೆಗೆ ಒಪ್ಪಿಸ್ಬುಡಾನ."

ಮಾವ ಕೇಳಿಸದವರಂತೆ ಕಾಫಿ ಕುಡಿದರು. ನಿಜಕ್ಕೂ ಕೇಳಿಸಲಿಲ್ಲವೋ, ಕೇಳಿಸದಂತಿದ್ದರೋ ಹೇಳಲಾರೆ. ಕಿವಿ ಮಂದವಾದವರಿಗೆ ಇರುವ ಏಕೈಕ ಸವಲತ್ತು ಅದು. ತೋಟ ಮಗನ ಕೈಗೂ, ಬೀಗದ ಕೈ ನನ್ನ ಸೊಂಟಕ್ಕೂ ಬಂದ ಮೇಲೆ ಅವರ ಸುಪರ್ದಿಯಲ್ಲಿ ಉಳಿದಿದ್ದವು ಕಾಯಿ ಮತ್ತು ಕೋವಿ ಮಾತ್ರ. ದುರದೃಷ್ಟಕ್ಕೆ ಎರಡಕ್ಕೂ ಬೇಕಾದದ್ದು ಕಿವಿ.

ಕೋವಿಗೇಕೆ ಕಿವಿ ಎನ್ನುವಿರಾ? ಗುಂಡು ನಳಿಗೆಗೆ ಹೊಂದಬೇಕು. ಬಿಗಿಯಾದರೆ ಅರ್ಧ ದಾರಿಯಲ್ಲೇ ಮುಷ್ಕರ ಹೂಡುತ್ತದೆ. ಸಡಿಲವಾದರೆ ಕೋವಿಯ ಮೂತಿ ತಗ್ಗಿಸಿದಾಗ ಮದ್ದನ್ನು ಬಿಟ್ಟು ಮುಂದಕ್ಕೆ ಜಾರುತ್ತದೆ, ಆಗ ಹೊಡೆದರೆ ನಳಿಗೆಯೇ ಸಿಡಿಯಬಹುದು. ಹೊಡೆಯುವವರ ಕೆನ್ನೆ ಅದರ ಪಕ್ಕದಲ್ಲೇ ಇರುತ್ತದೆ. ಆದ್ದರಿಂದ ಮಾವ ಮೊದಲು ಖಾಲಿ ಕೋವಿಗೆ ಬರೀ ಗುಂಡನ್ನು ಇಳಿಸಿ, ಕಡ್ಡಿಯಿಂದ ತಳಕ್ಕೆ ದೂಡಿ, ಮೂತಿ ಕೆಳಗೆ ಮಾಡಿ ಕಿವಿಗೊಡುತ್ತಾರೆ. ಕಾಯಿಯ ಪರೀಕ್ಷೆಯೇ, ಆದರೆ ತಲೆಕೆಳಗು: ಇಲ್ಲಿ ಸದ್ದಾದದ್ದು ನಪಾಸು.

ಯಜಮಾನರು ದಬ್ಬೇಘಟ್ಟಕ್ಕೆ ಹೋಗಿದ್ದರಿಂದ ಅಂದು ಮಧ್ಯಾಹ್ನ ಕೋವಿ ಒರೆಸುವ ಟವೆಲು ಹಿಡಿದು ಪಕ್ಕದಲ್ಲಿ ನಿಲ್ಲುವ ಕೆಲಸ ನನಗೆ ಬಂತು. ಮಾವ ಗುಂಡು ಇಳಿಸಿದರು, ಕೋವಿ ಬಗ್ಗಿಸಿದರು, ತಲೆ ವಾಲಿಸಿ ಆಲಿಸಿದರು. ನನಗೆ ಸ್ಪಷ್ಟವಾಗಿ ಕೇಳಿಸಿತು: ಸರ್ರ್... ಟಿಕ್.

"ಬಿಗಿಯಾಗ್ ಕುಂತದೆ," ಎಂದರು ಮಾವ, ತೃಪ್ತಿಯಿಂದ.

ಇನ್ನೊಂದು ಗುಂಡು. ಸರ್ರ್, ಟಿಕ್. "ಇದೂ ಸರಿ ಅದೆ."

ಆಗ ನೆನಪಾಯಿತು: ಹಿಂದಿನ ಭಾನುವಾರ ನಮ್ಮ ಯಜಮಾನರು ಯಾವುದೋ ವಿಡಿಯೋ ನೋಡಿದ ಉತ್ಸಾಹದಲ್ಲಿ ಮರಳುಕಾಗದ ಸುತ್ತಿದ ಕಡ್ಡಿಯಿಂದ ನಳಿಗೆಯ ತುಕ್ಕನ್ನೆಲ್ಲ ಉಜ್ಜಿ ಉಜ್ಜಿ ತೆಗೆದಿದ್ದರು. ತುಕ್ಕು ಹೋದಷ್ಟೂ ನಳಿಗೆ ಅಗಲವಾಗಿತ್ತು, ಅಚ್ಚು ಮಾತ್ರ ಹಳೆಯದೇ.

ಕಾಯಿಯ ಗುಡ್ಡೆಯಂತೆ ಇದನ್ನೂ ಮಾವ ಸ್ನಾನಕ್ಕೆ ಹೋದಾಗ ತಿದ್ದಿಬಿಡೋಣವೆಂದರೆ ಇದು ಕಾಯಲ್ಲ. ಬಾಯಿಬಿಟ್ಟು ಹೇಳಿದರೆ ಕೋವಿಯ ಜೊತೆಗೆ ಕಿವಿಯ ಗುಟ್ಟೂ ಹೊರಬೀಳುತ್ತದೆ. ಸುಮ್ಮನಿದ್ದರೆ ಆ ಕೆನ್ನೆ. ಸಿಸ್ಟರುಗಳ ಎರಡನೇ ಪಾಠವನ್ನು ಮನಸ್ಸಿನಲ್ಲೇ ಮಡಿಸಿಟ್ಟು, ನಾನು ಮಾವನ ಕೈ ಹಿಡಿದು ಅಂಗೈಯನ್ನು ನಳಿಗೆಗೆ ಒತ್ತಿ ಇಟ್ಟು ಕೋವಿಯನ್ನು ಮೆಲ್ಲಗೆ ಮೇಲೆ ಕೆಳಗೆ ಮಾಡಿದೆ. ಸೀಸ ಒಳಗೆ ಓಡಾಡಿದ್ದು ಅವರ ಅಂಗೈಗೆ ತಿಳಿಯಿತು. ಅದು ಮುಖಕ್ಕೆ ಬರಲು ಒಂದು ಗಳಿಗೆ ಹಿಡಿಯಿತು.

"ಓಡಾಡ್ತಾ ಅದಲ್ಲವ್ವಾ!"

"ಹೂಂ ಮಾವ."

"ನಿಂಗ್ ಕೇಳಿಸ್ತಾ?"

"ಕೇಳಿಸ್ತು."

ಅವರು ಕೋವಿಯನ್ನು ಗೋಡೆಗೆ ಒರಗಿಸಿ ಜಗುಲಿಯ ಎರಡು ಗುಡ್ಡೆಗಳನ್ನು ನೋಡಿದರು. ಆಮೇಲೆ ನನ್ನನ್ನು. "ಅದಕ್ಕೇ ನಾ ಎದ್ದೋದ್ ಮ್ಯಾಕೆ ಕಾಯಿ ನಡ್ಕಂಡ್ ಹೋಗ್ತಿದ್ವು ಅನ್ನು!" ಎಂದು ನಕ್ಕರು. ನಾನು ನಗಲೂ ಆಗದೆ ಟವೆಲನ್ನು ನಾಲ್ಕು ಮಡಿಕೆ ಮಾಡಿದೆ.

ಉಳಿದದ್ದು ಹೆಂಗಸರ ಕೆಲಸ, ಅಂದರೆ ಅಳತೆ ನೋಡಿ ಹೊಂದಿಸುವುದು. ರೇಷ್ಮೆ ಸೀರೆಯ ಮಡಿಕೆಗಳ ನಡುವೆ ಅಂಗಡಿಯವರು ಇಡುವ ತೆಳು ಕಾಗದವನ್ನು ಹರಿದು ಗುಂಡಿನ ಸೊಂಟಕ್ಕೆ ಒಂದು ಸುತ್ತು ಸುತ್ತಿದೆ; ಮಾವನ ಅಂಗೈ "ಇನ್ನೂ ಅಲ್ಲಾಡ್ತದೆ" ಎಂದಿತು. ಎರಡು ಸುತ್ತು ಸುತ್ತಿ, ಬೆರಳ ತುದಿಯಷ್ಟು ಕೊಬ್ಬರಿ ಎಣ್ಣೆ ಸವರಿದೆ. ಗುಂಡು ಬಳೆಯಂತೆ ನಯವಾಗಿ ಇಳಿದು ಕೂತಿತು. ಬಗ್ಗಿಸಿದರು, ಕುಲುಕಿದರು, ಅಂಗೈ ಸುಮ್ಮನಿತ್ತು, ನನ್ನ ಕಿವಿಯೂ ಸುಮ್ಮನಿತ್ತು. ನಮ್ಮಿಬ್ಬರದೂ ಒಂದೇ ತೀರ್ಪಾದದ್ದು ಅದೇ ಮೊದಲು.

ಪರೀಕ್ಷೆಯ ಗುಂಡನ್ನು ತಿರುಪಿನ ಕಡ್ಡಿಯಿಂದ ಹೊರಗೆಳೆದು, ಸಂಜೆ ಮದ್ದಿನ ಮೇಲೆ ಹಾಗೆಯೇ ಕಾಗದ ಸುತ್ತಿದ ಇನ್ನೊಂದನ್ನು ಇಳಿಸಿ ಮಾವ ಹೊಡೆದರು; ಅದು ದಿಬ್ಬದಲ್ಲಿ ಹೂತುಹೋಯಿತು, ಕಾಗೆಗಳೆಲ್ಲ ಎದ್ದವು. ಯಜಮಾನರು ಠಾಣೆಯ ಮಾತನ್ನು ಮತ್ತೆ ಎತ್ತಲು ಬಾಯಿ ತೆರೆಯುವ ಮೊದಲೇ ಮಾವ ಹೇಳಿದರು: "ನಂಗೆ ಕಿವಿ ಸರ್ಯಾಗ್ ಕೇಳ್ಸಾಕಿಲ್ಲ ಕಣ್ಲಾ. ಕ್ವಾವಿ ಇಲ್ಲೇ ಇರ್ಲಿ. ಗುಂಡು ನೋಡಾಕೆ ಇವ್ಳವ್ಳೆ. ಇನ್ಮ್ಯಾಕೆ ನೀನ್ ಮಾತ್ರ ಉಜ್ಬ್ಯಾಡ." ಮಗ ಅಪ್ಪನನ್ನೂ ನನ್ನನ್ನೂ ನೋಡಿ, "ಆಯ್ತು ಬುಡಪ್ಪ" ಎಂದು ಕೋವಿಯನ್ನು ಒಳಗೆ ಒಯ್ದು ಗೂಟಕ್ಕೆ ಹಾಕಿದರು.

ದೀಪ ಹಚ್ಚಿದ ಮೇಲೆ ಪೂಜೆಯ ಪುರಿ ಇಸಕೊಳ್ಳಲು ಪಕ್ಕದ ಮನೆಯ ಜಯಮ್ಮ ಬಂದರು. ಸೆರಗೊಡ್ಡಿ ಪುರಿ ಹಾಕಿಸಿಕೊಳ್ಳುತ್ತ ಜಗುಲಿಯ ಕಡೆ ಮೂತಿ ತಿರುಗಿಸಿ ಅಂದರು:

"ಅಲ್ಲ ಕಣಕ್ಕಾ, ನಿಮ್ಮಾವ್ನೋರು ಇದೇನು ಕಾಯಿನ ಕಿವಿಗಿಡ್ಯಾದ್ ಬುಟ್ಟು, ಮಗೀನ್ ಹಂಗೆ ಎದೆಗಾನಿಸ್ಕಂಡು ಕಣ್ಮುಚ್ಕಂಡ್ ಅಲ್ಲಾಡಿಸ್ತಾ ಕುಂತವ್ರೆ?"