ಬ್ಲೇಡಾ, ಬಾಕ್ಸಾ?

ಗೆಳೆಯರೇ, ಮಣ್ಣು ಕೆಲಸದ ನಮ್ಮ ಪುಟ್ಟ ಚೈನ್ ಲೋಡರ್ ಯಂತ್ರಕ್ಕೆ ನೆಲ ಮಟ್ಟ ಮಾಡುವ ಅಟ್ಯಾಚ್‌ಮೆಂಟ್ ಕೊಳ್ಳಲು ಹೋಗಿ ಇವತ್ತು ನಾನೂ ನನ್ನ ತಮ್ಮ ಮಂಜುವೂ ಅಂಗಡಿಯಲ್ಲೇ ಜಗಳಕ್ಕೆ ನಿಂತೆವು. ಮಣ್ಣನ್ನು ಪಕ್ಕಕ್ಕೆ ತಳ್ಳುವ ಬ್ಲೇಡ್ ಅವನಿಗೆ ಬೇಕು. ಮಣ್ಣನ್ನು ತನ್ನೊಳಗೇ ಹಿಡಿದುಕೊಂಡು ತಗ್ಗಿಗೆ ತುಂಬುವ ಬಾಕ್ಸ್ ನನಗೆ ಬೇಕು.

“ಬ್ಲೇಡ್ ಆದ್ರೆ ಕೆಲಸ ಬೇಗ ಮುಗಿಯುತ್ತೆ, ಅಕ್ಕ.”

“ಅರೆಕೆರೆ ಸೈಟಲ್ಲಿ ನಾವು ತಳ್ಳಿದ ಮಣ್ಣು ಪಕ್ಕದವರ ಕಾಂಪೌಂಡಿಗೆ ಒರಗಿ, ಅವರು ಕೆಲಸಾನೇ ನಿಲ್ಸಿದ್ದು ಮರೆತ್ಯಾ?”

ಮಂಜು ಬ್ಲೇಡಿನ ಅಂಚು ಸವರಿದ. “ಅಪ್ಪ ಅಲ್ಲಿ ರಾಗಿ ಬೆಳೀತಿದ್ದಾಗ ಎಷ್ಟು ದೂರ ತಳ್ಳಿದ್ರೂ ನಮ್ಮ ಹೊಲಾನೇ ಇರ್ತಿತ್ತು, ಅಲ್ವೇನಕ್ಕ?” ಎಂದ.

ಬಾಕ್ಸನ್ನೇ ತಂದೆವು. ಸೈಟುಗಳಾಗಿ ಹೋದ ಅಪ್ಪನ ಹೊಲದಲ್ಲಿ ಈಗ ಒಂದು ಬುಟ್ಟಿ ಮಣ್ಣು ಸರಿಸಬೇಕಾದರೂ ಪಕ್ಕದವರ ಗೋಡೆ ನೋಡಿಕೊಳ್ಳಬೇಕು.